ಗಂಧ ಹಚ್ಚಿದ ಡಬ್ಬಿ

ನನ್ನ ಅಕ್ಕ ವನಜಳಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಮಳೆ ಜೋರಾದ ಆಟಿ ತಿಂಗಳಲ್ಲಿ. ಮೊದಲು ಕಿಮೋ ಕೊಟ್ಟು ಗಡ್ಡೆ ಸಣ್ಣದು ಮಾಡಿ, ಆಮೇಲೆ ಆಪರೇಷನ್ ಎಂದರು ಮಂಗಳೂರಿನ ಡಾಕ್ಟರರು. ಬಾಯಾರಿನಿಂದ ಉಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಇನ್ನೊಂದು. ಎರಡನೇ ಸಲ ಮುಗಿಸಿ ಬರುವಾಗ ತಲಪಾಡಿ ದಾಟುವ ತನಕವೂ ವಾಂತಿ. ಬಾಯಿಯೆಲ್ಲ ಹುಣ್ಣಾಗಿ ಗಂಜಿತಿಳಿ ಕೂಡ ಇಳಿಯಲಿಲ್ಲ. ಶಾಲೆಯ ಮಕ್ಕಳಿಗೆಲ್ಲ ಅಡುಗೆ ಮಾಡಿ ಬಡಿಸುವವಳು ನನ್ನ ಅಕ್ಕ. "ನನ್ನಿಂದ ಇನ್ನು ಆಗ್ಲಿಕ್ಕಿಲ್ಲ ಸುಮತಿ" ಎಂದು ಅವಳು ಅತ್ತಾಗ ನನಗೆ ನೋಡಲಿಕ್ಕಾಗಲಿಲ್ಲ.

ನಾನು ಮೀಂಜದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ರವಕೆ ಹೊಲಿಸಲು ಬರುವ ಒಬ್ಬಾಕೆ ಒಂದು ಪುಡಿಯ ಡಬ್ಬಿ ತಂದಳು. ಹಾಲಿಗೆ ಹಾಕಿ ಕುಡಿದರೆ ಗಡ್ಡೆ ತಾನಾಗಿ ಕರಗುತ್ತದೆ ಎಂದಳು. ಮೋಸದವಳಲ್ಲ, ತನ್ನ ತಾಯಿಗೂ ಅದನ್ನೇ ಕೊಡುತ್ತಿದ್ದಳು. ನನಗೆ ಬೇಕಾಗಿದ್ದ ಮಾತನ್ನೇ ಅವಳು ಹೇಳಿದ್ದರಿಂದ ಹಿಂದೆಮುಂದೆ ನೋಡದೆ ನಂಬಿದೆ.

ಅಕ್ಕ ಹಾಗೆ ನಂಬುವ ಜಾತಿಯಲ್ಲ. ಅದಕ್ಕೆ ನಾನು, ನಮ್ಮ ಕುಟುಂಬದ ಮೂಲಮನೆಯಾದ ತರವಾಡು ಮನೆಯ ದೈವ ಧೂಮಾವತಿಯ ಗಂಧಪ್ರಸಾದ ಮನೆಯಲ್ಲಿತ್ತಲ್ಲ, ಅದನ್ನು ಡಬ್ಬಿಗೆ ಹಚ್ಚಿದೆ. ಸಾಲದ್ದಕ್ಕೆ, "ಡಾಕ್ಟರರ ಹತ್ತಿರ ಕೇಳಿದ್ದೇನೆ, ಕಿಮೋ ನಿಲ್ಸಿ ಇದನ್ನು ತೆಗೊಳ್ಬಹುದಂತೆ" ಎಂದೆ. ನಾನು ಯಾರನ್ನೂ ಕೇಳಿರಲಿಲ್ಲ.

ಅಕ್ಕ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಮೂರನೇ ಕಿಮೋದ ದಿನ ಹಾಗೇ ಕಳೆಯಿತು. ವಾಂತಿ ನಿಂತಿತು, ಹುಣ್ಣು ವಾಸಿಯಾಯಿತು. ಪುಡಿಯ ಗುಣ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕಿಮೋ ನಿಂತರೆ ವಾಂತಿಯೂ ನಿಲ್ಲುತ್ತದೆ ಎಂಬ ಅಷ್ಟು ಬುದ್ಧಿ ನನಗೆ ಓಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಕ್ಕನ ರವಕೆಗೆ ಅಳತೆ ತೆಗೆಯುತ್ತಿದ್ದೆ. ಗಡ್ಡೆ ಮೊದಲಿಗಿಂತ ದೊಡ್ಡದಾಗಿ ಕೈಗೆ ಸಿಕ್ಕಿತು. ಅಳತೆ ಬರೆಯದೆ ಟೇಪು ಸುತ್ತಿಟ್ಟೆ. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. "ಅಮ್ಮಾ, ಅಕ್ಕನನ್ನು ಹೇಗಾದರೂ ಉಳಿಸು" ಎಂದು ದಿನವೂ ಧೂಮಾವತಿಯನ್ನು ಬೇಡುತ್ತಿದ್ದೆ. ಸುಳ್ಳನ್ನು ಮಾತ್ರ ಹಾಗೇ ಇಟ್ಟುಕೊಂಡೇ ಬೇಡುತ್ತಿದ್ದೆ.

ಸಂಕ್ರಾಂತಿಯ ದಿನ ತರವಾಡು ಮನೆಯಲ್ಲಿ ದೈವಕ್ಕೆ ತಂಬಿಲ ಎಂಬ ವರ್ಷದ ಸೇವೆ ಕೊಡುವುದುಂಟು. ಕಷ್ಟ ಇದ್ದವರು ಯಜಮಾನರಾದ ನಮ್ಮ ಸೋದರಮಾವನಿಗೆ ಅದನ್ನು ಹೇಳಬೇಕು. ಅವರು ಕುಟುಂಬದವರೆಲ್ಲರ ಎದುರು ಗಟ್ಟಿಯಾಗಿ ದೈವಕ್ಕೆ ಒಪ್ಪಿಸುತ್ತಾರೆ. ಅಕ್ಕ ಚೀಲದಿಂದ ಡಬ್ಬಿ ತೆಗೆದು ದೈವದ ಮಣೆಯ ಹತ್ತಿರ ಇಟ್ಟಳು.

"ಎಂತ ಹೇಳ್ಬೇಕು ಮಗಳೇ?" ಎಂದರು ಮಾವ.

"ಡಾಕ್ಟರರು ಹೇಳಿದ ಮದ್ದು ಇದು, ಹಿಡಿಯಲಿ ಅಂತ ಹೇಳಿ ಮಾವ."

ಮಾವ ನನ್ನ ಕಡೆ ತಿರುಗಿದರು. "ಅವಳ ಜೊತೆ ಆಸ್ಪತ್ರೆಗೆ ಹೋಗುವುದು ನೀನಲ್ವಾ? ಡಾಕ್ಟರರು ಹೇಳಿದ್ದು ಹೌದಾ?"

ಹೌದು ಎನ್ನಬೇಕೆಂದೇ ಬಾಯಿ ತೆರೆದೆ. ದೈವದ ಎದುರು ದೀಪ ಉರಿಯುತ್ತಿತ್ತು. "ಇಲ್ಲ ಮಾವ, ನಾನು ಸುಳ್ಳು ಹೇಳಿದ್ದು" ಎಂಬ ಮಾತು ಹೊರಗೆ ಬಂತು. ಗಡ್ಡೆ ದೊಡ್ಡದಾದದ್ದನ್ನೂ ಹೇಳಿದೆ.

ಮಾವ ಅದನ್ನೂ ಒಂದಕ್ಷರ ಬಿಡದೆ ದೈವಕ್ಕೆ ಹೇಳಿದರು. ಪ್ರಾರ್ಥನೆ ಮುಗಿದ ಮೇಲೆ ಗಂಧ ತಂದು ಡಬ್ಬಿಗಲ್ಲ, ಅಕ್ಕನ ಕೈಗೆ ಕೊಟ್ಟರು. ಅವಳು ತುಂಬ ಹೊತ್ತು ನನ್ನ ಮುಖ ನೋಡಲಿಲ್ಲ. ಅಂಗಳಕ್ಕಿಳಿದ ಮೇಲೆ ಕೇಳಿದಳು, "ನಾಳೆ ಉಪ್ಪಳಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ?"

ಡಾಕ್ಟರರು ಬಯ್ಯಲಿಲ್ಲ. "ಬಂದಿರಲ್ಲ, ಅದು ದೊಡ್ಡದು" ಎಂದು ಡಬ್ಬಿ ತೆಗೆದಿಟ್ಟುಕೊಂಡರು. ವಾಂತಿಗೆ ಬೇರೆ ಮಾತ್ರೆ ಕೊಟ್ಟರು. ಅಂಥ ಮಾತ್ರೆ ಉಂಟೆಂದು ನಾವು ಮೊದಲೇ ಕೇಳಿದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಕಿಮೋ ಮುಗಿಯಿತು, ಆಪರೇಷನ್ ಆಯಿತು. ಪುಡಿ ತಂದವಳಿಗೂ ಎಲ್ಲ ಹೇಳಿದೆ. ಈಗ ಅವಳ ತಾಯಿಯೂ ನಮ್ಮ ಜೊತೆ ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಬರುತ್ತಾರೆ.

ಅಕ್ಕ ಪೂರ್ತಿ ಗುಣವಾದಳೆಂದು ನಾನು ಬರೆಯುವುದಿಲ್ಲ, ಡಾಕ್ಟರರು ಇನ್ನೂ ಹಾಗೆ ಹೇಳಿಲ್ಲ. ಇನ್ನು ಅರ್ಧ ಸತ್ಯ ಬರೆದು ದೈವದ ಎದುರು ನಿಲ್ಲಲು ನನ್ನಿಂದಾಗದು. ನಾನು ಅಕ್ಕನ ಜೀವ ಬೇಡಿದೆ, ಧೂಮಾವತಿ ತಾಯಿ ಮೊದಲು ನನ್ನ ಸುಳ್ಳನ್ನು ತೆಗೆದಳು. ಅದರಿಂದಲೇ ಅಕ್ಕ ಇವತ್ತು ಇದ್ದಾಳೆ.

ಈ ಸಲದ ತಂಬಿಲದಲ್ಲಿ ಮಾವ ಎಂದಿನಂತೆ ಎಂತ ಹೇಳಬೇಕೆಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅಕ್ಕ ಮುಂದೆ ಬಂದಳು. "ಗಂಜಿ ರುಚಿಸ್ತದೆ ಅಂತ ಹೇಳಿ ಮಾವ. ಬಡಿಸುವುದು ನನ್ನ ತಂಗಿ ಅಂತ್ಲೂ ಹೇಳಿ."