ಬಾಗಿಲಿಗೆ ಬೆಸುಗೆ ಹಾಕಿದ ಕೆಂಪು ಕಾರು

ಕಾರು ಕೊಂಡವನನ್ನು ಜನ ಏನು ಕೇಳುತ್ತಾರೆ? ಎಷ್ಟಾಯಿತು, ಲೀಟರಿಗೆ ಎಷ್ಟು ಓಡುತ್ತದೆ. ಅಲ್ಲವೇ? ನನಗೆ ಸಿಕ್ಕ ಮೊದಲ ಪ್ರಶ್ನೆಯೇ ಬೇರೆ.

ಕಳೆದ ತಿಂಗಳು ಸಿರಾದಿಂದ ಮಧುಗಿರಿಗೆ ಬರುತ್ತಿದ್ದೆ. ರಸ್ತೆ ತುಂಬ ಕುರಿ. ಕುರಿ ಕಾಯುವ ಅಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನ ಕಾರಿಗೆ ಒಂದು ಸುತ್ತು ಬಂದ.

"ಮ್ಯಾಗಳದ್ದು ಎಲ್ಲಿ ಬಿದ್ದೋಯ್ತಲಾ?"

"ಬಿದ್ದಿಲ್ಲ ಕಣಜ್ಜ. ಕತ್ತರಿಸಿರೋದು. ಕನ್ವರ್ಟಿಬಲ್ ಅಂತಾರೆ ಇದುಕ್ಕೆ."

"ಕತ್ತರ್ಸಿರೋದಾ? ದುಡ್ಡು ಕೊಟ್ಟು ತಗಂಡ್ಯಾ?"

"ಹೂಂ."

"ಅಯ್ಯೋ ಬುಡು," ಎಂದವನೇ ಕುರಿ ಹೊಡೆದುಕೊಂಡು ಹೋದ. ಹಿಂದಿರುಗಿ ನೋಡಲಿಲ್ಲ.

ಅಜ್ಜನ ಬುದ್ಧಿ ನನಗೆ ಸಿರಾದಲ್ಲೇ ಇರಬೇಕಿತ್ತು.

ಈ ಅಂಕಣವನ್ನು ವಾರ ವಾರ ಓದುವವರಿಗೆ ನನ್ನ ಅಕ್ಕ ಗೊತ್ತು. (ಗೊತ್ತಿಲ್ಲದವರಿಗೆ: ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಧುಗಿರಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುವವನು. ಮನೆಯಲ್ಲಿ ಕೂರಿಸಿ ನನಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಕಲಿಸಿದವಳು ಅಕ್ಕ, ಸರೋಜ ಮೇಡಮ್.) ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಅವಳ ಎಡಗಾಲಿಗೆ ಶಕ್ತಿ ಇಲ್ಲ. ಮೊದಲು ಇಬ್ಬರೂ ಕೊರಟಗೆರೆಯಲ್ಲಿದ್ದೆವು. ಅಲ್ಲಿ ಪಾಠ ಹೇಳುವಾಗ ತೊಂದರೆ ಇರಲಿಲ್ಲ, ಬಾಡಿಗೆ ಮನೆಯ ಎದುರೇ ಸ್ಕೂಲು. ಮಿಡಿಗೇಶಿಗೆ ವರ್ಗವಾಗಿ, ಮಧುಗಿರಿಯ ಮನೆಯಿಂದ ಓಡಾಡತೊಡಗಿದ ಮೇಲೆ ಶುರುವಾಯಿತು ಬಸ್ಸಿನ ಕಾಟ. ನಮ್ಮ ಬಸ್ಸುಗಳ ಮೆಟ್ಟಿಲು ನೋಡಿದ್ದೀರಲ್ಲ? ಮೊಣಕಾಲಿಗಿಂತ ಎತ್ತರ. ಅವಳು ಕಂಬಿ ಹಿಡಿಯುವಷ್ಟರಲ್ಲಿ ಕಂಡಕ್ಟರ್ ರೈಟ್ ಅಂದಿರುತ್ತಾನೆ. ಎರಡು ಸಲ ಬಿದ್ದಳು.

ಮಿಡಿಗೇಶಿಯಲ್ಲೇ ಮನೆ ಮಾಡು ಎಂದೆ.

"ನಿಂಗೆ ಅನ್ನ ಹಾಕೋರ್ ಯಾರು?" ಎಂದಳು. ಆಮೇಲೆ ಒಂದು ದಿನ, "ಕೆಲ್ಸಾನೇ ಬಿಟ್ಬುಡ್ತೀನಿ ಕಣೋ," ಎಂದಳು.

ಅಕ್ಕ ಸ್ಕೂಲು ಬಿಡುವುದೆಂದರೆ ನಾನು ಊಟ ಬಿಟ್ಟ ಹಾಗೆ. ಸೆಕೆಂಡ್ ಹ್ಯಾಂಡ್ ಕಾರೊಂದು ತರುತ್ತೇನೆ, ದಿನಾ ನಾನೇ ಬಿಟ್ಟು ಬರುತ್ತೇನೆ ಎಂದು ಮಾತು ಕೊಟ್ಟೆ. ಅವಳದು ಒಂದೇ ಷರತ್ತು.

"ಎಂಜಿನ್ ಗಿಂಜಿನ್ ನೀನ್ ನೋಡ್ಕ. ಬಾಗ್ಲು ಮಾತ್ರ ಅಗ್ಲುಕ್ಕೆ ತೆಗೀಬೇಕು. ಅಷ್ಟೇ."

ಸಿರಾದ ಟಿಂಕರಿಂಗ್ ಶೆಡ್ಡಿನ ಚಾಂದ್ ಭಾಯ್ ಒಂದು ಅಂಬಾಸಿಡರ್ ಇದೆ ಎಂದು ಹೇಳಿ ಕಳಿಸಿದ್ದ. ಹೋದೆ. ಅಂಬಾಸಿಡರ್ ಇತ್ತು. ಅದರ ಪಕ್ಕದಲ್ಲಿ ಇದೂ ಇತ್ತು.

ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೆಣಸಿನಕಾಯಿ ಕೆಂಪು. ಮದುವೆ ಮೆರವಣಿಗೆಗೆ ಓಪನ್ ಕಾರೇ ಆಗಬೇಕಲ್ಲ? ಗಂಡು ಹಾರ ಹಾಕಿಕೊಂಡು ಹಿಂದುಗಡೆ ಎತ್ತರದಲ್ಲಿ ಕೂತು ಊರಿಗೆಲ್ಲ ಕಾಣಬೇಕಲ್ಲ? ಅದಕ್ಕೆಂದೇ ಯಾರೋ ಅದರ ಟಾಪು ಕತ್ತರಿಸಿದ್ದರು. ಟಾಪು ಹೋದ ಕಾರು ನಡುವಿನಲ್ಲಿ ಕೊಂಚ ಬಗ್ಗುತ್ತದೆ. ಬಗ್ಗಿದಾಗ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಹಾಗಾಗಬಾರದೆಂದು ಚಾಂದ್ ಭಾಯ್ ಎರಡೂ ಬಾಗಿಲಿಗೆ ಬೆಸುಗೆ ಹಾಕಿಬಿಟ್ಟಿದ್ದ.

ಇದನ್ನೆಲ್ಲ ಅವನೇ ಹೇಳಿದ. ಬಾಯಿ ಬಿಟ್ಟು, ಸ್ಪಷ್ಟವಾಗಿ ಹೇಳಿದ.

"ಮತ್ತೆ ಹತ್ತೋದು ಹೆಂಗೆ ಭಾಯ್?"

"ಬಾಗ್ಲು ಯಾಕೆ ಸಾಬ್? ಹಾರಿ ಕೂತ್ಕೊಳ್ಳಿ. ಅದೇ ಶಾನ್, ಅದೇ ಗತ್ತು!"

ಹಾರಿ ಕೂತೆ. ಸ್ಟೇರಿಂಗ್ ಹಿಡಿದೆ. ಕೂಲಿಂಗ್ ಗ್ಲಾಸ್ ಹಾಕಿದೆ. ಶೆಡ್ಡಿನ ಒಡಕು ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ಅಕ್ಕನ ನೆನಪು ಬರಲಿಲ್ಲವೇ? ಬಂತು. ಸ್ಟೂಲು ಇಟ್ಟರಾಯಿತು ಎಂದುಕೊಂಡೆ. ಪಕ್ಕದ ಅಂಬಾಸಿಡರಿನ ನಾಲ್ಕು ಬಾಗಿಲಲ್ಲಿ ಒಂದನ್ನೂ ತೆಗೆದು ನೋಡಲಿಲ್ಲ.

ನಾವು ಗಂಡಸರು ಮನೆಯವರ ಹೆಸರಲ್ಲಿ ಏನೇನು ತರುವುದಿಲ್ಲ? ಅಮ್ಮನಿಗೆಂದು ರೇಡಿಯೋ ತಂದು ಕಾಮೆಂಟರಿ ಕೇಳುತ್ತೇವೆ. ಮಗುವಿಗೆಂದು ಕ್ಯಾಮೆರಾ ತಂದು ನಮ್ಮ ಫೋಟೋ ತೆಗೆಸಿಕೊಳ್ಳುತ್ತೇವೆ. (ತಲೆ ತಗ್ಗಿಸಬೇಡಿ, ನಿಮ್ಮೊಬ್ಬರನ್ನೇ ಹೇಳುತ್ತಿಲ್ಲ.)

ಮನೆ ಮುಂದೆ ಕಾರು ನಿಲ್ಲಿಸಿದೆ. ಅಕ್ಕ ಗೋಡೆ ಹಿಡಿದು ಬಂದು ನೋಡಿದಳು. ಕೆಂಪು ಬಣ್ಣದ ಮೇಲೆ ಕೈಯಾಡಿಸಿ ಹಿಡಿ ಹುಡುಕಿದಳು. ಎಳೆದಳು.

"ಬಾಗ್ಲು ಯಾಕೋ ಬರ್ತಿಲ್ಲ?"

ಇಲ್ಲಿ ನಾನು ನಿಜ ಹೇಳಬಹುದಿತ್ತು.

"ಅಯ್ಯೋ ಅಕ್ಕ, ಬೆಸ್ಗೆ ಹಾಕ್ಬುಟ್ಟವ್ನೆ! ನಂಗೆ ಗೊತ್ತೇ ಆಗ್ಲಿಲ್ಲ ಕಣಕ್ಕ. ಮೋಸ ಮಾಡ್ಬುಟ್ಟ ಭಾಯ್!"

ಅಕ್ಕ ನಂಬಿದಳು. ನಂಬಿದ್ದಷ್ಟೇ ಅಲ್ಲ, ಬೀದಿಯವರೆಲ್ಲ ನಗುವಾಗ, "ನಮ್ ಹುಡ್ಗ ಪಾಪ, ಅವ್ನಿಗೇನ್ ಗೊತ್ತಾಗುತ್ತೆ," ಎಂದು ನನ್ನ ಪರ ನಿಂತಳು. ಚಾಂದ್ ಭಾಯ್ ಹೆಸರು ಮಧುಗಿರಿಯಲ್ಲಿ ಕೆಟ್ಟಿತು.

ಸೋಮವಾರ ಮಿಲ್ಲಿನ ಸ್ಟೂಲು ತಂದಿಟ್ಟೆ. ಅಕ್ಕ ಅದರ ಮೇಲೆ ನಿಂತು, ಬಾಗಿಲ ಅಂಚಿಗೆ ಕೂತು, ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು.

"ಮೇಡಮ್ಮೋರು ಕುದ್ರೆ ಹತ್ದಂಗೆ ಹತ್ತುತವ್ರೆ ಕಣಮ್ಮ!" ಎಂದು ಎದುರು ಮನೆಯ ಪುಟ್ಟಮ್ಮ ಕೂಗಿದಳು. ಅಕ್ಕನೂ ನಕ್ಕಳು. ದಾರಿಯುದ್ದಕ್ಕೂ ಸೆರಗು ಬಾವುಟದಂತೆ ಹಾರಿತು. ಖುಷಿಯಾಗಿದ್ದಳು.

ಮಿಡಿಗೇಶಿ ಸ್ಕೂಲಿನ ಮುಂದೆ ನಿಲ್ಲಿಸಿದ ಮೇಲೆ ಗೊತ್ತಾಯಿತು. ಸ್ಟೂಲು ಮಧುಗಿರಿಯಲ್ಲಿತ್ತು.

ಮಕ್ಕಳೆಲ್ಲ ಸುತ್ತ ನಿಂತವು. ಎತ್ತಿ ಇಳಿಸಲು ಕೈ ಚಾಚಿದೆ.

"ಮಕ್ಳು ಮುಂದೆ ಎತ್ಕಂಡು ಇಳುಸ್ತೀಯಾ? ಕೈ ತೆಗಿ," ಎಂದಳು ಮೆಲ್ಲಗೆ. ಬ್ಯಾಗಿನಿಂದ ಹಾಜರಿ ಪುಸ್ತಕ ತೆಗೆದು, ಕೂತಲ್ಲಿಂದಲೇ ಹೆಸರು ಕೂಗತೊಡಗಿದಳು. ಮಕ್ಕಳು ಸಾಲಾಗಿ ನಿಂತು "ಹಾಜರ್ ಮೇಡಮ್" ಎಂದವು. ಪೂರ್ತಿ ಹಾಜರಿ ಕಾರಿನಿಂದಲೇ ಆಯಿತು. ಕೊನೆಗೆ ಹೆಡ್‌ಮಾಸ್ಟರು ತಮ್ಮ ಕುರ್ಚಿಯನ್ನೇ ಹೊತ್ತು ತಂದರು. ಅಕ್ಕ ಇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದವು.

ಅವಳು ನಗಲಿಲ್ಲ. ಸಂಜೆ ಬಸ್ಸಿನಲ್ಲಿ ಬಂದಳು. ಮಾರನೆಯ ದಿನ ರಾಜೀನಾಮೆ ಬರೆದು ದೇವರ ಗೂಡಿನಲ್ಲಿಟ್ಟಳು. ಈ ತಿಂಗಳು ಮುಗಿದ ಕೂಡಲೇ ಕೊಡುತ್ತಾಳಂತೆ.

ನನ್ನ ಶಾನ್ ಇಳಿಯಿತು. ಪಾವಗಡದ ಬ್ಯಾಂಡ್‌ಸೆಟ್ಟಿನ ಯಜಮಾನರೊಬ್ಬರು ಕೆಂಪು ಕಾರು ನೋಡಿ, "ಪೆಳ್ಳಿ ಮೆರವಣಿಗೆಗೆ ಬಾಗುಂಟುಂದಿ ಸಾರ್!" ಎಂದು, ಮದುವೆಗೆ ಚೆನ್ನಾಗಿರುತ್ತದೆಂದು ತೆಲುಗಿನಲ್ಲೇ ಕುಣಿದರು. ಅವರ ಹಳೆಯ ಅಂಬಾಸಿಡರ್ ನನಗೆ, ನನ್ನ ಕೆಂಪು ಕಾರು ಅವರಿಗೆ. ಈ ಸಲ ನಾಲ್ಕೂ ಬಾಗಿಲನ್ನು ಹತ್ತತ್ತು ಸಲ ತೆಗೆದು ಮುಚ್ಚಿ ನೋಡಿದೆ. ಯಜಮಾನರಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು.

ಮೊನ್ನೆ ಮನೆ ಮುಂದೆ ನಿಲ್ಲಿಸಿ, ಬಾಗಿಲು ಅಗಲಕ್ಕೆ ತೆಗೆದು ಕರೆದೆ. ಅಕ್ಕ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದ್ ಕೇಳ್ತೀನಿ. ಸಿರಾದಲ್ಲಿ ಆ ಕಾರಿನೊಳಕ್ಕೆ ನೀನು ಹೆಂಗೋ ಹತ್ತಿದ್ದೆ?"

ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

"ಯೋಚ್ನೆ ಮಾಡಿ ಹೇಳು. ಆಮೇಲೆ ನಾನು ಹತ್ತೋದು," ಎಂದು ಅವರೆಕಾಯಿ ಎತ್ತಿಕೊಂಡು ಒಳಗೆ ಹೋದಳು.

ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಪ್ರತಿ ವಾರ ಇದನ್ನು ಅಚ್ಚಿಗೆ ಕಳಿಸುವ ಮೊದಲು ಅಕ್ಕ ತಿದ್ದುತ್ತಾಳೆ. ಈ ವಾರ ತೋರಿಸದೆ ಕಳಿಸಿದ್ದೇನೆ. ನಿಮ್ಮ ಜೊತೆಗೇ ಓದುತ್ತಾಳೆ. ತಪ್ಪುಗಳಿದ್ದರೆ ನನ್ನವೇ. ಚಾಂದ್ ಭಾಯ್‌ದು ಒಂದೂ ಇಲ್ಲ.

ಹಾರಿ ಹತ್ತಿದ್ದೆ ಕಣಕ್ಕ. ನಾಳೆ ಬೆಳಿಗ್ಗೆ ಹಾರ್ನ್ ಹೊಡೆಯಲಾ?