ಅಪ್ಪನಿಗೆ ಬಂದ ಗಿಳಿಜ್ವರ

ಹೊನ್ನಾಳಿಯ ಪೇಟೆಬೀದಿಯಲ್ಲಿ ಅಪ್ಪನದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಗೋವಿನಕೋವಿ ಹಳ್ಳಿಯ ಗಿರಾಕಿಯೊಬ್ಬರು ಅವರಿಗೊಂದು ಗಿಳಿ ತಂದುಕೊಟ್ಟರು. ನಮ್ಮೊಡನೆ ಮಾತೇ ಆಡದ ಅಪ್ಪ ಗಿಳಿಯೊಡನೆ ದಿನವಿಡೀ ಹರಟುತ್ತಿದ್ದರು. ಪೇರಲಹಣ್ಣಿನ ಚೂರನ್ನು ತುಟಿಯಲ್ಲಿ ಕಚ್ಚಿಕೊಂಡು ಪಂಜರಕ್ಕೆ ಮುಖವೊಡ್ಡಿದರೆ ಅದು ಕೊಕ್ಕು ಚಾಚಿ ಕಿತ್ತುಕೊಳ್ಳುತ್ತಿತ್ತು. ಅಮ್ಮ ನೋಡಿಯೂ ನೋಡದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.

ಒಂದು ಚಳಿಗಾಲ ಗಿಳಿ ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂತಿತು. ಅದರ ಹಿಂದೆಯೇ ಅಪ್ಪ ಹಾಸಿಗೆ ಹಿಡಿದರು. ಸುಡುವ ಜ್ವರ, ತಲೆಸಿಡಿತ, ಬಿಡದ ಒಣಕೆಮ್ಮು. ಪೆನಿಸಿಲಿನ್ ಸೂಜಿ ಚುಚ್ಚಿಸಿದ್ದೇ ಬಂತು, ಜ್ವರ ಜಗ್ಗಲಿಲ್ಲ. ಕೊನೆಗೆ ನಾನೂ ಅಮ್ಮನೂ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಗಷ್ಟೇ ವರ್ಗವಾಗಿ ಬಂದಿದ್ದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು:

"ನಿಮ್ಮ ಮನೆಯಲ್ಲಿ ಗಿಳಿ ಸಾಕಿದ್ದೀರಾ?"

ಅಮ್ಮ ನನ್ನ ಮುಖ ನೋಡಿದಳು. ಇವರು ಡಾಕ್ಟರೋ ಗಿಳಿಶಾಸ್ತ್ರ ಹೇಳುವವರೋ ಎಂದು ನನಗೂ ಅನುಮಾನ ಬಂತು. ಹೌದು ಎಂದದ್ದಕ್ಕೆ, ಬಾಯಿಗೆ ಬಾಯಿ ಕೊಟ್ಟು ಮುದ್ದಿಸುತ್ತೀರಾ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಗೋಡೆಯ ಕಡೆ ತಿರುಗಿದರು.

"ದಿನಾ ನಡೀತೈತ್ರಿ," ಎಂದಳು ಅಮ್ಮ. "ನಮ್ಮನ್ನ ಮಾತಾಡ್ಸಾಕೆ ಮಾತ್ರ ಇವರಿಗೆ ಪುರುಸೊತ್ತಿಲ್ಲ."

ಇದು ಗಿಳಿಜ್ವರ ಇರಬೇಕು ಎಂದರು ಡಾಕ್ಟರು. ಕ್ಲಮೈಡಿಯಾ ಎಂಬ ಸೂಕ್ಷ್ಮಾಣು ಹಕ್ಕಿಯ ಹಿಕ್ಕೆಯಲ್ಲಿರುತ್ತದೆ, ಅದು ಒಣಗಿ ಧೂಳಾಗಿ ಉಸಿರಿನೊಡನೆ ಒಳಹೋದರೆ ಶ್ವಾಸಕೋಶದಲ್ಲಿ ಕೂರುತ್ತದೆ, ಪೆನಿಸಿಲಿನ್‌ಗೆ ಬಗ್ಗುವುದಿಲ್ಲ ಎಂದು ವಿವರಿಸಿ ಟೆಟ್ರಾಸೈಕ್ಲಿನ್ ಬರೆದರು. ಗುಳಿಗೆಯನ್ನು ಹಾಲಿನೊಡನೆ ಕೊಡಬೇಡಿ, ಗಿಳಿಗೂ ಔಷಧಿ ಕೊಡಿಸಿ ಎಂದು ಹೇಳಿ ಕಳಿಸಿದರು.

ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ದನದ ಆಸ್ಪತ್ರೆಯಲ್ಲಿ ಎಮ್ಮೆಗಳ ಸಾಲಿನಲ್ಲಿ ಪಂಜರ ಹಿಡಿದು ನಿಂತಳು. ಅಲ್ಲಿಯೂ ಅದೇ ಔಷಧಿ ಸಿಕ್ಕಿತು. ಗಂಡನಿಗೆ ನುಂಗಿಸಿ, ಗಿಳಿಗೆ ಕಲಸಿ ತಿನ್ನಿಸಿ, ಇಬ್ಬರಿಗೂ ಒಂದೇ ದನಿಯಲ್ಲಿ ಗದರುತ್ತಿದ್ದಳು.

ಇಬ್ಬರೂ ಚೇತರಿಸಿಕೊಂಡರು. ಆದರೆ ಮನೆಯಲ್ಲಿ ಕೆಮ್ಮು ನಿಲ್ಲಲಿಲ್ಲ. ಅಮ್ಮ ಕಷಾಯ ತಂದರೆ ಅಪ್ಪ ತಾವು ಕೆಮ್ಮಿಯೇ ಇಲ್ಲ ಎಂದು ಆಣೆ ಇಡುತ್ತಿದ್ದರು. ಒಂದು ದಿನ ಅಪ್ಪ ನನ್ನೆದುರು ಊಟ ಮಾಡುತ್ತಿರುವಾಗಲೇ ಪಡಸಾಲೆಯಿಂದ ಅವರ ಕೆಮ್ಮು ಕೇಳಿಸಿತು. ನರಳಾಟ, ಕೊನೆಯ ನಿಟ್ಟುಸಿರು, ಎಲ್ಲವೂ ಇತ್ತು. ಗಿಳಿ ಅಷ್ಟೂ ಕಲಿತುಬಿಟ್ಟಿತ್ತು.

ಒಂದೆರಡು ವರ್ಷದ ಮೇಲೆ ಜಗಳೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಹಿರಿಯರಿಗೆ ಉಪ್ಪಿಟ್ಟು ಕೊಟ್ಟು, ಇನ್ನೊಂದು ತಟ್ಟೆ ಹಿಡಿದು ಬರುವಾಗ ಒಳಗಿನಿಂದ ದೀರ್ಘವಾದ ಕೆಮ್ಮು ಕೇಳಿತು. ಗಂಡಿನ ತಂದೆ ಚಮಚ ಕೆಳಗಿಟ್ಟರು. ಮನೆಯಲ್ಲಿ ಕ್ಷಯದವರು ಯಾರಾದರೂ ಇದ್ದಾರೋ ಎಂದು ಮೆಲ್ಲಗೆ ವಿಚಾರಿಸಿದರು. ಗಿಳಿ ಎಂದರು ಅಪ್ಪ. ಯಾರೂ ನಂಬಲಿಲ್ಲ.

"ಹಂಗಾದ್ರೆ ಹೊರಗೆ ತರ್ರಿ. ನಮ್ಮ ಎದುರಿಗೆ ಕೆಮ್ಮಲಿ," ಎಂದರು ಗಂಡಿನ ತಂದೆ.

ಪಂಜರವನ್ನು ಚಾಪೆಯ ನಡುವೆ ಇಟ್ಟೆವು. ಗಿಳಿ ಒಬ್ಬೊಬ್ಬರನ್ನೇ ಓರೆಗಣ್ಣಿನಿಂದ ನೋಡಿತೇ ಹೊರತು ಬಾಯಿ ಬಿಡಲಿಲ್ಲ. ಅದಕ್ಕೆ ನೆನಪು ಮಾಡಿಕೊಡಲು ಅಪ್ಪ ತಾವೇ ಕೆಮ್ಮಿದರು. ಎರಡು ಸಲ, ಮೂರು ಸಲ ಕೆಮ್ಮಿದರು, ಹಳೆಯ ನಿಟ್ಟುಸಿರನ್ನೂ ಸೇರಿಸಿದರು. ಗಂಡಿನ ತಂದೆ ಕೂತಲ್ಲೇ ಹಿಂದೆ ಸರಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ತಟ್ಟೆ ಹಿಡಿದೇ ನಿಂತಿದ್ದೆ.

ಆಗ ಗಂಡು ಎದ್ದು ಬಂದು ಪಂಜರದೆದುರು ಕುಕ್ಕುರುಗಾಲಲ್ಲಿ ಕೂತರು. ಯಾರ ಮುಖವನ್ನೂ ನೋಡದೆ ಗಂಟಲು ಸರಿಪಡಿಸಿಕೊಂಡು ಅಪ್ಪನಂತೆಯೇ ಕೆಮ್ಮಿದರು. ಗಿಳಿ ತಲೆ ವಾಲಿಸಿ ಕೇಳಿಸಿಕೊಂಡು, ತಪ್ಪು ತಿದ್ದುವ ಮೇಷ್ಟರ ಗತ್ತಿನಲ್ಲಿ ಪೂರ್ತಿ ಕೆಮ್ಮಿ ತೋರಿಸಿತು.

ಯಾರೂ ನಗಲಿಲ್ಲ. ಗಂಡಿನ ತಂದೆ ಮತ್ತೆ ಚಮಚ ಎತ್ತಿಕೊಂಡು, ಉಪ್ಪಿಟ್ಟು ಚೆನ್ನಾಗಿದೆ ಎಂದರು. ಮುಂದಿನ ಬೇಸಿಗೆಯಲ್ಲಿ ನಾನು ಜಗಳೂರಿನ ಸೊಸೆಯಾದೆ.