ಮೂರು ನಿಮಿಷ ಕಾದು ಬರುವ ಕೂಗು

ಪಕ್ಕದ ಮನೆಯ ಮೇಷ್ಟ್ರ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಒಂದು ಹಳ್ಳ ಬಿದ್ದಿತ್ತು. ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಅಲ್ಲಿ ಕೂದಲು ಸವೆದು ಚರ್ಮ ನುಣ್ಣಗಾಗಿತ್ತು. ನನ್ನ ನೆತ್ತಿಯ ಮೇಲೂ ಒಂದು ಬೋಳು ಇದೆ, ದುಂಡಗೆ. ನಲವತ್ತು ವರ್ಷ ಸಿಂಬಿ ಇಟ್ಟು ಸೊಪ್ಪಿನ ಬುಟ್ಟಿ ಹೊತ್ತದ್ದಕ್ಕೆ ಬಂದದ್ದು. ಅದನ್ನು ಮೊದಲ ಸಲ ನೋಡಿದಾಗ ಅವರು, "ಅಮ್ಮಾ, ನಿಮ್ದು ರೌಂಡು, ನಂದು ಉದ್ದ. ಇಬ್ರೂ ಹೊರೆ ಹೊತ್ತೋರೇ," ಎಂದರು. ನನಗೆ ನಗು ಬರಲಿಲ್ಲ. ಕಿವಿಗೆ ಡಬ್ಬಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುವುದು ಯಾವ ಸೀಮೆಯ ಹೊರೆ ಎಂದುಕೊಂಡೆ.

ಲಿಂಗರಾಜಪುರದಲ್ಲಿ ನಮ್ಮ ಎರಡು ಮನೆಗೂ ಒಂದೇ ಗೋಡೆ. ಅವರು ಯಾವುದೋ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಶಾಲೆಯವರು ಬಿಡಿಸಿದ ಮೇಲೆ ಮನೆಯಲ್ಲೇ ಕೂತು ಬೇರೆಯವರ ಹಾಡುಗಳನ್ನು ಕಂಪ್ಯೂಟರಿನಲ್ಲಿ ಹದ ಮಾಡಿಕೊಡುತ್ತಿದ್ದರು. ಬೀದಿಯವರಿಗೆಲ್ಲ ಅವರು ಮೇಷ್ಟ್ರು. ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೋಣೆಯ ಕಿಟಕಿಗೆ ಹಳೇ ಹಾಸಿಗೆ ಒರಗಿಸಿದ್ದರು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೋದ ಹಾಗೆ.

ನಮಗೆ ಪರಿಚಯವಾದದ್ದು ಜಗಳದಿಂದ. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ತಮಟೆಯ ಒಂದೇ ತುಣುಕು, ನಾಲ್ಕು ಎಣಿಸುವಷ್ಟು ಉದ್ದ, ನೂರು ಸಲ ಬಂತು. ನಾನು ಹೋಗಿ ಬಾಗಿಲು ಬಡಿದೆ.

"ಏನ್ರೀ, ಹಾಡು ಮುಂದಕ್ಕೆ ಹೋಗಲ್ವಾ? ಅದೂ ಸರಿಯಾಗಿ ಬಾರಿಸ್ತಾ ಇಲ್ಲ ನಿಮ್ಮೋನು. ತಮಟೆ ಎರಡೆರಡು ಸಲ ಬೀಳ್ತೈತೆ."

ಅವರು ಹೆಡ್‌ಫೋನು ತೆಗೆದರು. "ಎರಡು ಸಲ ಅಂದ್ರೆ?"

"ಮುಂದೊಬ್ಬ ಹೊಡೀತಾನೆ, ಹಿಂದೇನೇ ಇನ್ನೊಬ್ಬ ಕುಂಟ್ಕೊಂಡು ಬರ್ತಾನೆ."

ಅವರು ತಿರುಗಿ ಪರದೆ ನೋಡಿದರು. ಏನೋ ಎಳೆದರು, ಮತ್ತೆ ಹಾಕಿದರು. ಈಗ ಪೆಟ್ಟು ಒಂದೇ ಆಯಿತು. "ಮೂರು ದಿನದಿಂದ ಇದನ್ನೇ ಹುಡುಕ್ತಾ ಇದೀನಿ ಅಮ್ಮಾ. ಕೂತ್ಕೊಳ್ಳಿ," ಎಂದು ಸ್ಟೂಲು ಎಳೆದರು. ಬೈಯಲು ಹೋದವಳು ಕಾಫಿ ಕುಡಿದು ಬಂದೆ.

ಆಮೇಲೆ ಮಧ್ಯಾಹ್ನ ಹೊತ್ತು ಹೋಗದಿದ್ದರೆ ಹೋಗಿ ಕೂರುತ್ತಿದ್ದೆ. ಮೊಣಕಾಲು ಹೋದ ಮೇಲೆ ನಾನು ಬುಟ್ಟಿ ಬಿಟ್ಟಿದ್ದೆ, ಮಾಡಲು ಬೇರೆ ಕೆಲಸವೂ ಇರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಹಾಡು ಮಾಡುವ ಸಾಫ್ಟ್‌ವೇರುಗಳು ಮೂರಿದ್ದವು. ಹೆಸರಿಗೆ ನನ್ನ ನಾಲಿಗೆ ಹೊರಳದು, ಮೂರನೇ ಕ್ಲಾಸಿನವಳು ನಾನು, ಬಣ್ಣದಿಂದ ಗುರುತು ಹಿಡಿದಿದ್ದೆ. ಬೂದಿ ಬಣ್ಣದ್ದರಲ್ಲಿ ತಾಳ, ವಾದ್ಯ ಕಟ್ಟುವುದು. ನೀಲಿಯದರಲ್ಲಿ ಮೈಕಿನಿಂದ ದನಿ ಹಿಡಿಯುವುದು. ಕಪ್ಪುದರಲ್ಲಿ ಎಲ್ಲವನ್ನೂ ಬೆರೆಸುವುದು. ಒಂದರಲ್ಲೇ ಮಾಡಿದರೆ ಆಗದೇ ಎಂದರೆ, "ಒಬ್ಬೊಬ್ಬಂಗೆ ಒಂದೊಂದು ಕೆಲಸ ಕೈ ಹಿಡ್ದಿರುತ್ತೆ. ಗಾರೆಯವನ ಕೈಲಿ ಬಾಗ್ಲು ಮಾಡಿಸ್ತೀರಾ?" ಎನ್ನುತ್ತಿದ್ದರು.

ಕಷ್ಟ ಇರುವುದು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ. ಒಂದು ಕಟ್ಟಿದ್ದು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಹಾಗಾಗಿ ತಮಟೆಯೊಂದು, ಹಾರ್ಮೋನಿಯಂ ಒಂದು, ದನಿಯೊಂದು ಎಂದು ಬಿಡಿಬಿಡಿಯಾಗಿ ಹೊರಗೆ ತೆಗೆದು ಒಯ್ಯಬೇಕು. ಹಾಗೆ ತೆಗೆಯುವಾಗ ಅವರದೊಂದು ನೇಮವಿತ್ತು. ಬರುವವರಿಗೆಲ್ಲ ಹೇಳುತ್ತಿದ್ದರು, ನನಗೂ ಹೇಳಿ ಹೇಳಿ ಬಾಯಿಪಾಠವಾಗಿತ್ತು. "ಎಲ್ಲಾ ಸೊನ್ನೆಯಿಂದ ಶುರು ಆಗ್ಬೇಕು. ಮೂರನೇ ನಿಮಿಷದಲ್ಲಿ ಹಾಡೋನೂ ಸೊನ್ನೆಯಿಂದ್ಲೇ ಬಂದು ಬಾಯ್ಮುಚ್ಕೊಂಡು ನಿಂತಿರ್ಬೇಕು. ಆಗ ಎಲ್ಲಿ ಒಯ್ದು ಇಟ್ರೂ ತಪ್ಪಲ್ಲ." ಹಾಡುವವನ ಹಾಡಿನ ಮುಂದೆ ಅವನ ಸುಮ್ಮನಿರುವಿಕೆಯನ್ನೂ ಅಳೆದು ಕಟ್ಟಿ ಕಳಿಸುತ್ತಿದ್ದರು.

ಅವರ ಬಲಗಿವಿ ಹೋಗಿದೆ ಎಂದು ನನಗೆ ಗೊತ್ತಾದದ್ದು ಬೇಳೆಯಿಂದ. ಪಕ್ಕದ ಕೋಣೆಯಲ್ಲಿ ಕುಕ್ಕರು ಏಳೋ ಎಂಟೋ ಸೀಟಿ ಹಾಕಿತು. ಇವರು ಹೆಡ್‌ಫೋನು ಕೂಡ ಇಲ್ಲದೆ ನನ್ನ ಮುಂದೆ ಮಾತಾಡುತ್ತಲೇ ಕೂತಿದ್ದರು. ಸೀದ ವಾಸನೆ ಬಂದ ಮೇಲೆ ಎದ್ದು ಓಡಿದರು. ನಾನು ಬಾಗಿಲಲ್ಲಿ ನಿಂತು, "ಯಾವಾಗಿಂದ?" ಎಂದೆ.

"ಎರಡು ವರ್ಷ. ಬಲಗಡೆ ಪೂರ್ತಿ ಇಲ್ಲ. ಎಡಗಡೆ ಸಣ್ಣ ಸದ್ದು ಹೋಗ್ತಾ ಇದೆ." ಕುಕ್ಕರಿನ ತಳ ಕೆರೆಯುತ್ತಲೇ ಹೇಳಿದರು. "ಯಾರಿಗೂ ಹೇಳ್ಬೇಡಿ ಅಮ್ಮಾ. ಕಿವಿ ಇಲ್ಲದೋನ ಹತ್ರ ಹಾಡು ಯಾರು ಕೊಡ್ತಾರೆ?"

"ಮತ್ತೆ ಹೆಂಗ್ ಮಾಡ್ತೀರಿ?"

"ಅರ್ಧ ಕಣ್ಣಲ್ಲಿ ನೋಡ್ತೀನಿ. ಇನ್ನರ್ಧ ನೀವಿದ್ದೀರಲ್ಲ."

ಹಾಗೆ ನಾನು ಅವರ ಕಿವಿಯಾದೆ. ಇದು ದೊಡ್ಡ ಮಾತಲ್ಲ. ಸ್ಟೂಲಿನ ಮೇಲೆ ಕೂತು "ಚುಚ್ಚುತ್ತೆ", "ಮಂಕಾಗೈತೆ", "ಆ ಹುಡುಗಿ ಬಾಯಲ್ಲಿ ಸೀಟಿ ಬರ್ತೈತೆ" ಎಂದು ಹೇಳುವುದು. ಅವರು ಅಷ್ಟಕ್ಕೇ ಏನೇನೋ ತಿರುಗಿಸಿ ಸರಿ ಮಾಡುತ್ತಿದ್ದರು. ಬಂದವರು ಹಾಡು ಕೇಳಿ, "ಸೂಪರ್ ಸರ್, ಏನ್ ಕಿವಿ ಸರ್ ನಿಮ್ದು," ಎಂದು ಹೋಗುತ್ತಿದ್ದರು. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದರೆ ನಗು ಬಂದೀತು ಎಂದು.

ಆಗ ಒಬ್ಬ ಹೆಣ್ಣುಮಗಳು ಬಂದಳು. ಹಲಸೂರಿನ ಸಂತೆಯ ಬಗ್ಗೆ ಚಿಕ್ಕ ಸಿನಿಮಾ ತೆಗೆಯುತ್ತಿದ್ದಳು, ಅದಕ್ಕೆ ಒಂದು ಹಾಡು ಬೇಕಿತ್ತು. ಇದು ಬೇರೆಯವರ ಹಾಡು ಹದ ಮಾಡುವುದಲ್ಲ, ತಾವೇ ಕಟ್ಟುವುದು. ಮೇಷ್ಟ್ರಿಗೆ ಅಂಥ ಕೆಲಸ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಅಂದು ಸಂಜೆ ಎಂದೂ ಇಲ್ಲದ ಹಾಗೆ ಶರಟು ಇಸ್ತ್ರಿ ಮಾಡಿಕೊಂಡು ನಮ್ಮ ಮನೆಗೆ ಬಂದರು. "ಅಮ್ಮಾ, ನೀವು ಸೊಪ್ಪು ಮಾರೋ ಕೂಗು ಕೂಗ್ಬೇಕು."

"ತಲೆ ಕೆಟ್ಟಿದ್ಯಾ? ಹಲ್ಲಿಲ್ಲ ನನಗೆ."

"ಹಲ್ಲಿಂದ ಕೂಗ್ತೀರಾ?"

ನಾನು ಸೊಪ್ಪು ಮಾರುತ್ತಿದ್ದ ಹಲಸೂರಿನಲ್ಲಿ ಅರ್ಧ ಬೀದಿ ತಮಿಳಿನವರದು. ಹಾಗಾಗಿ "ಸೊಪ್ಪೋ... ಕೀರೇ..." ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೂಗಿ, ಕೊನೆಯಲ್ಲಿ ಮೇಲಕ್ಕೆ ಎತ್ತಿ ಬಿಡುವುದು ನನ್ನ ರೂಢಿ. ಮೂರನೇ ಮಹಡಿಗೆ ಕೇಳಬೇಕಲ್ಲ. ಮೈಕಿನ ಮುಂದೆ ನಿಂತು ನಾಲ್ಕು ಸಲ ಕೂಗಿದೆ. ಅವರು ಅದನ್ನು ನೀಲಿಯದರಲ್ಲಿ ಹಿಡಿದರು. ನನ್ನ ಕೂಗಿನ ಎತ್ತರಕ್ಕೇ ಹಾರ್ಮೋನಿಯಂ ಹೊಂದಿಸಿದರು. ಹಾಡು ಮೂರು ನಿಮಿಷ ವಾದ್ಯದಲ್ಲೇ ನಡೆದು, ಎಲ್ಲ ನಿಂತಾಗ ನನ್ನ ಕೂಗು ಬರಬೇಕು. ಅದೇ ಅದರ ಜೀವ ಎಂದರು. ಅದನ್ನು ಕಟ್ಟಿದ ಎರಡು ತಿಂಗಳು ಅವರು ಊಟ ಮಾಡಿದ್ದನ್ನೂ ಮರೆತು ಎರಡು ಸಲ ಊಟ ಮಾಡುತ್ತಿದ್ದರು.

ತಪ್ಪು ನಡೆದದ್ದು ಸಾಗಿಸುವಾಗಲೇ. ದನಿಯನ್ನು ಸೆಕೆಂಡಿಗೆ ಎಷ್ಟು ಚೂರು ಮಾಡಿ ಹಿಡಿಯಬೇಕು ಎಂಬ ಲೆಕ್ಕವೊಂದು ಇರುತ್ತದಂತೆ. ಸಿನಿಮಾದವರ ಲೆಕ್ಕ ನಲವತ್ತೆಂಟು ಸಾವಿರ, ಬರೀ ಹಾಡಿನವರದು ನಲವತ್ನಾಲ್ಕು. ಇವರು ಸಿನಿಮಾಕ್ಕೆಂದು ನೀಲಿಯದನ್ನು ನಲವತ್ತೆಂಟಕ್ಕೆ ಬದಲಾಯಿಸಿದ್ದರು, ಕಪ್ಪುದನ್ನು ಬದಲಾಯಿಸಲು ಮರೆತಿದ್ದರು. ಕಪ್ಪುದು ಹಳೆಯದು, ತಾನಾಗಿ ಸರಿಮಾಡಿಕೊಳ್ಳುವುದಿಲ್ಲ. ಒಳಗೆ ಹೋದ ನನ್ನ ದನಿ ನಿಧಾನವಾಯಿತು, ದಪ್ಪವಾಯಿತು, ಕೆಳಗಿಳಿಯಿತು. ಕೂಗು ಬರಬೇಕಾದ ಜಾಗಕ್ಕಿಂತ ತಡವಾಗಿ ಬಂತು. ಇವರು ತಮ್ಮದೇ ನೇಮ ಮುರಿದು ಅದನ್ನು ಕಣ್ಣಳತೆಯಲ್ಲಿ ಎಳೆದು ಜಾಗಕ್ಕೆ ಕೂರಿಸಿದರು. ದಪ್ಪವಾದದ್ದು ಅವರಿಗೆ ಕೇಳಿಸಲಿಲ್ಲ. ಆದರೂ ಏನೋ ಅನುಮಾನ. ಕಪ್ಪುದರಿಂದ ನನ್ನ ಕೂಗನ್ನು ಮಾತ್ರ ತೆಗೆದು, ನನ್ನ ಗುಂಡಿ ಒತ್ತುವ ಫೋನಿನ ಕಾರ್ಡಿಗೆ ಹಾಕಿಕೊಟ್ಟರು. "ಬರೀ ನಿಮ್ಮ ದನಿ ಇದೆ. ನಿಮ್ದೇನಾ ಅಂತ ಕೇಳಿ ಹೇಳಿ ಅಮ್ಮಾ. ನಾಳೆ ಅವ್ರು ಬರ್ತಾರೆ."

ನಾನು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಗುಂಡಿ ಒತ್ತಿದೆ. ಏನೂ ಬರಲಿಲ್ಲ. ಒಂದು ನಿಮಿಷ ಕಾದೆ. ಮತ್ತೆ ಒತ್ತಿದೆ. ಏನೂ ಇಲ್ಲ. ಫೋನು ನಡೆಸಲು ನನಗೇ ಬರಲಿಲ್ಲ ಎಂದುಕೊಂಡೆ. ಸೊನ್ನೆಯ ಮಾತು ನೂರು ಸಲ ಕೇಳಿದವಳಿಗೆ, ಕೂಗು ಮೂರು ನಿಮಿಷ ಕಾದ ಮೇಲೇ ಬರುತ್ತದೆ ಎಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಫೋನನ್ನು ಎಲೆಅಡಿಕೆ ಚೀಲಕ್ಕೆ ಹಾಕಿ ಅವರೆ ಸುಲಿದೆ.

ಸಂಜೆ ಅವರು ಕೇಳಿದರು. "ಕೇಳಿದ್ರಾ ಅಮ್ಮಾ?"

"ಕೇಳ್ದೆ."

"ನಿಮ್ದೇ ತಾನೆ?"

"ಇನ್ಯಾರ್ದು, ನಿಮ್ಮ ತಾತಂದಾ?"

ಅವರು ನಕ್ಕರು. ಫೋನು ಒತ್ತಲು ಬರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು, ಅಷ್ಟೇ.

ಮಾರನೆಯ ದಿನ ಆ ಹೆಣ್ಣುಮಗಳು ಬಂದಳು. ಜೊತೆಗೆ ಅವಳ ಸಿನಿಮಾದ ಸದ್ದು ನೋಡಿಕೊಳ್ಳುವ ಒಬ್ಬ ಗಂಡಸು, ಕಿವಿಗೆ ಓಲೆ ಹಾಕಿದವನು. ನನ್ನನ್ನೂ ಕೂರಿಸಿದರು. ಮೂರು ನಿಮಿಷ ವಾದ್ಯ ನಡೆಯಿತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಎಲ್ಲ ನಿಂತಿತು. ಕೂಗು ಬಂತು.

ಅದು ನನ್ನದಲ್ಲ. ಯಾರೋ ಕುಡಿದ ಗಂಡಸು ಸೊಪ್ಪು ಮಾರುತ್ತಿದ್ದ. ಹಾರ್ಮೋನಿಯಂ ಒಂದು ದಾರಿ, ಅವನು ಒಂದು ದಾರಿ.

ಓಲೆಯವನಿಗೆ ನಗು ತಡೆಯಲಾಗಲಿಲ್ಲ. "ಸರ್, ಇದು ಈ ಅಜ್ಜೀದಾ? ಅಂಕಲ್ ಥರ ಇದೆಯಲ್ಲ! ಶ್ರುತಿನೂ ಸೇರ್ತಿಲ್ಲ." ಮೇಷ್ಟ್ರು ಮತ್ತೆ ಹಾಕಿದರು. ಎಡಗಿವಿಯನ್ನು ಸ್ಪೀಕರಿನ ಹತ್ತಿರ ಒಯ್ದರು. ಅವರ ಕತ್ತು ಹಾಗೆ ಬಾಗಿದ್ದನ್ನು ಅವನು ನೋಡಿದ. ನಗು ನಿಲ್ಲಿಸಿ, ಬಲಗಡೆ ಹೋಗಿ ನಿಂತು, ಮೆಲ್ಲಗೆ "ಸರ್" ಎಂದ. ಇನ್ನೊಂದು ಸಲ "ಸರ್" ಎಂದ. ಮೇಷ್ಟ್ರು ತಿರುಗಲಿಲ್ಲ. ಅವನು ಆ ಹೆಣ್ಣುಮಗಳ ಮುಖ ನೋಡಿದ.

"ಸರ್, ನಿಮಗೆ ಕೇಳಿಸ್ತಿಲ್ವಾ?" ಅವಳು ಜೋರಾಗಿ ಕೇಳಿದಳು.

ಮೇಷ್ಟ್ರು ನನ್ನ ಕಡೆ ನೋಡಿದರು. ಆಗ ನಾನು ಬಾಯಿ ಬಿಡಬೇಕಿತ್ತು. ಕೇಳಿ ಹೇಳುವ ಕೆಲಸ ನನ್ನದು, ಕೇಳದೆ ಸರಿ ಎಂದವಳು ನಾನು ಎಂದು ಹೇಳಬೇಕಿತ್ತು. ಸಂತೆಯಲ್ಲಿ ಪೊಲೀಸಿನವರಿಗೆ ಎದುರಾಡಿದ ಬಾಯಿ ಇದು. ಬಿಡಲಿಲ್ಲ.

"ತಪ್ಪು ನಂದೇ. ಚೆಕ್ ಮಾಡ್ಲಿಲ್ಲ," ಎಂದರು ಅವರು.

"ಪರವಾಗಿಲ್ಲ ಸರ್, ಫೋನ್ ಮಾಡ್ತೀವಿ," ಎಂದು ಅವರಿಬ್ಬರೂ ಎದ್ದರು. ಮಾಡಲಿಲ್ಲ.

ಅವರು ಹೋದ ಮೇಲೆ ಹೇಳಿದೆ. "ನಾನು ಕೇಳ್ಲೇ ಇಲ್ಲ ಮೇಷ್ಟ್ರೇ. ಸುಳ್ಳು ಹೇಳ್ದೆ."

"ಗೊತ್ತಮ್ಮಾ," ಎಂದರು. "ಕೇಳಿದ್ದಿದ್ರೆ ನೀವು ಗೋಡೆ ಒಡ್ಕೊಂಡು ಬರ್ತಿದ್ರಿ."

ಬೈದಿದ್ದರೆ ನಾನೂ ಎರಡು ಮಾತು ಬೈದು ಮುಗಿಸುತ್ತಿದ್ದೆ.

ಅಂದೇ ಅವರು ತಪ್ಪು ಹುಡುಕಿದರು. ಒಂದು ಅಂಕಿ ಬದಲಾಯಿಸಿದರೆ ಮುಗಿಯಿತು. ನನ್ನ ಕೂಗನ್ನು ಸೊನ್ನೆಯಿಂದ ಮತ್ತೆ ತಂದು ಕೂರಿಸಿ, ಹಾಡನ್ನು ಇಡಿಯಾಗಿ ಹಾಕಿದರು. ಈ ಸಲ ಬಂದವಳು ನಾನೇ. ಹಲ್ಲಿದ್ದ ಕಾಲದ ನಾನು. ಆ ಹಾಡು ಚೆನ್ನಾಗಿತ್ತು. ಅದನ್ನು ಕೇಳಿದವರು ಭೂಮಿಯ ಮೇಲೆ ಇಬ್ಬರೇ, ಅದರಲ್ಲಿ ಒಬ್ಬರಿಗೆ ಅರ್ಧ ಕಿವಿ.

ಸುದ್ದಿ ಹಬ್ಬಿತು. ಗರುಡಾಚಾರ್‌ಪಾಳ್ಯದಿಂದ ಬರುತ್ತಿದ್ದ ಹಾಡುಗಾರರು ಬರುವುದು ನಿಂತಿತು. ಸಂಜೆ ಅವರ ಮನೆಗೆ ಬಂದು ಕೀಬೋರ್ಡು ಕಲಿಯುತ್ತಿದ್ದ ಮಕ್ಕಳನ್ನು ತಾಯಂದಿರು ಬಿಡಿಸಿದರು. ಒಬ್ಬಳಂತೂ ಬಾಗಿಲಲ್ಲೇ, "ಕಿವುಡರ ಹತ್ರ ಸಂಗೀತ ಕಲಿಯೋಕಾಗುತ್ತಾ?" ಎಂದಳು, ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ. ನನಗೆ ಕೇಳಿಸಿತು. ಗೋಡೆಯಾಚೆ ಸದ್ದು ಕಡಿಮೆಯಾಗಿ, ಕಡಿಮೆಯಾಗಿ, ಒಂದು ದಿನ ಪೂರ್ತಿ ನಿಂತಿತು. ನಾನು ಸಾರು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಪಾತ್ರೆ ತೊಳೆದು ವಾಪಸು ಕೊಡುತ್ತಿದ್ದರು. ಒಂದು ಸಲ ಕೇಳಿದೆ, "ಏನಾದ್ರೂ ಹಾಕಿ, ಕೇಳ್ತೀನಿ." ಅವರು ತಲೆಯ ಮೇಲಿನ ಹಳ್ಳ ಸವರಿಕೊಂಡು, "ಯಾರಿಗೆ ಅಮ್ಮಾ?" ಎಂದರು. ನಾನು ತೊಳೆದಿಟ್ಟ ಪಾತ್ರೆ ಎತ್ತಿಕೊಂಡು ಬಂದೆ.

ಮೇಷ್ಟ್ರು ಸತ್ತದ್ದು ಬೇಸಿಗೆಯಲ್ಲಿ, ಕುರ್ಚಿಯಲ್ಲೇ. ಮೊದಲಾಗಿದ್ದರೆ ಗೋಡೆ ಅರ್ಧ ದಿನ ಸುಮ್ಮನಾದರೂ ಹೋಗಿ ನೋಡುತ್ತಿದ್ದೆ. ಈಗ ಸುಮ್ಮನಿರುವುದೇ ಅದರ ಅಭ್ಯಾಸವಾಗಿತ್ತು. ಒಂದೂವರೆ ದಿನ ಗೋಡೆಯ ಈಚೆ ನಾನು ಉಂಡೆ, ಮಲಗಿದೆ. ನೀರು ಬಿಡುವವನು ಬಾಗಿಲು ತಟ್ಟಿ ತಟ್ಟಿ ನನ್ನನ್ನು ಕರೆದ ಮೇಲೆ ಗೊತ್ತಾಯಿತು.

ಅವರ ತಂಗಿ, ತಂಗಿಯ ಗಂಡ ಬಂದು ಮಾಡಬೇಕಾದ್ದು ಮಾಡಿದರು. ಕಂಪ್ಯೂಟರು ಒಯ್ದರು. ಆಮೇಲೆ ಮತ್ತೆ ಬಂದಾಗ ಹಾಡಿನ ವಿಷಯ ಹೇಳಿದೆ. "ಅದೆಲ್ಲ ಅಳಿಸಿ ಆಯ್ತಮ್ಮ, ಮಗಳು ಓದೋಕೆ ಬೇಕಿತ್ತು," ಎಂದ ಅವನು. ಕೆಟ್ಟವನಲ್ಲ. ಅವನಿಗೆ ಯಾಕೆ ಗೊತ್ತಿರಬೇಕು?

ಉಳಿದದ್ದು ನನ್ನ ಫೋನಿನಲ್ಲಿ ಇರುವ ಆ ಒಂದು ಫೈಲು. ಸರಿಯಾದದ್ದಲ್ಲ, ತಪ್ಪಿನದು. ಈಗ ಗುಂಡಿ ಒತ್ತಿ ಹೇಗೆ ಕೇಳಬೇಕೆಂದು ನನಗೆ ಚೆನ್ನಾಗಿ ಬರುತ್ತದೆ. ಮೂರು ನಿಮಿಷ ಏನೂ ಇಲ್ಲ. ಆ ಖಾಲಿಯಲ್ಲಿ ಅವರಿದ್ದಾರೆ ಎಂದು ಎದುರು ಮನೆಯ ಸೊಸೆ ಹೇಳಿದಳು. ಇಲ್ಲ. ಕಿವಿಗೊಟ್ಟು ಕೇಳಿದ್ದೇನೆ, ಅಲ್ಲಿ ಅವರ ಕೆಮ್ಮು ಇಲ್ಲ, ಕುರ್ಚಿ ಕಿರ್ರೆನ್ನುವ ಸದ್ದು ಕೂಡ ಇಲ್ಲ. ಬರೀ ಖಾಲಿ. ಅದು ಮುಗಿದ ಮೇಲೆ ಯಾರೋ ಗಂಡಸು ಸೊಪ್ಪು ಮಾರಿಕೊಂಡು ಹೋಗುತ್ತಾನೆ.

ಕೊನೆಯವರೆಗೂ ಕೇಳುತ್ತೇನೆ. ಅವತ್ತು ಕೇಳಲಿಲ್ಲವಲ್ಲ.